ಕಾರ್ಖಾನೆಯ ಕಾಲ್ಚೆಂಡಾಟ

1977ರ ಮೇ ತಿಂಗಳಲ್ಲಿ ಎರ್ನಾಕುಲಂನಲ್ಲಿ ಮೊತ್ತಮೊದಲ ಫೆಡರೇಷನ್ ಕಪ್ ಪಂದ್ಯಾವಳಿಯ ಅಂತಿಮ ಪಂದ್ಯ ನಡೆಯಿತು. ಕಲ್ಕತ್ತೆಯ ಮೋಹನ್ ಬಾಗಾನ್ ತಂಡಕ್ಕೆ ಎದುರಾಗಿ ನಿಂತದ್ದು ಬೆಂಗಳೂರಿನ ದೂರವಾಣಿ ಕಾರ್ಖಾನೆ, ಐ.ಟಿ.ಐ.ಯ ತಂಡ. ಒಂದೇ ಗೋಲಿನಿಂದ ಗೆದ್ದವರು ಕಾರ್ಖಾನೆಯವರು. ಟೆಲಿಫೋನು ತಯಾರಿಸುವ ಸಂಸ್ಥೆಯೊಂದು ದೇಶದ ಅತಿ ಹೆಸರಾಂತ ಕ್ಲಬ್ಬನ್ನು ಸೋಲಿಸಿತ್ತು.

ಬೆಂಗಳೂರಿನ ಕಾಲ್ಚೆಂಡಾಟ ಬೆಳೆದದ್ದು ದಂಡಿನ ಮೈದಾನಗಳಲ್ಲಿ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದಾಗ, ಅದಕ್ಕೆ ಮೊದಲು ಯಾವ ಭಾರತೀಯ ತಂಡಕ್ಕೂ ಅದು ದಕ್ಕಿರಲಿಲ್ಲ. ಮರುವರ್ಷವೂ ಕಪ್ಪು ಇಲ್ಲಿಗೇ ಬಂತು. ಆದರೆ ಕಪ್ಪಿನಿಂದ ಸಂಸಾರ ನಡೆಯುತ್ತದೆಯೆ? 1948 ಮತ್ತು 1952ರ ಒಲಿಂಪಿಕ್ಸಿನಲ್ಲಿ ಆಡಿದ ನಮ್ಮೂರಿನ ಅಹಮದ್ ಖಾನರು ಹೆಸರು ಗಳಿಸಿದ್ದು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ.

ಊರಿನಲ್ಲೇ ಉಳಿದವರಿಗೆ ಆಸರೆಯಾದದ್ದು ಕಾರ್ಖಾನೆಗಳು. ವಿಮಾನ ಕಾರ್ಖಾನೆ 1940ರಲ್ಲಿ, ಐ.ಟಿ.ಐ. 1948ರಲ್ಲಿ ಆರಂಭವಾದವು. ಚೆನ್ನಾಗಿ ಆಡುವ ಹುಡುಗನಿಗೆ ಅಲ್ಲಿ ನೌಕರಿ, ಅಭ್ಯಾಸಕ್ಕೆ ಬಿಡುವು. ಮೊಣಕಾಲು ಕೆಟ್ಟು ಆಟ ನಿಂತರೂ ಸಂಬಳ ನಿಲ್ಲುತ್ತಿರಲಿಲ್ಲ. ಬಡವರ ಮಕ್ಕಳು ಧೈರ್ಯವಾಗಿ ಮೈದಾನಕ್ಕಿಳಿದದ್ದು ಈ ಭರವಸೆಯ ಮೇಲೆ ಎಂದೇ ನನ್ನ ಎಣಿಕೆ. ಹವ್ಯಾಸಿಗಳೆಂದು ಅವರನ್ನು ಕರೆಯುತ್ತಿದ್ದದ್ದು ಕಾಗದದ ಮೇಲಿನ ಮಾತು.

ವೃತ್ತಿಪರ ಲೀಗು ಬಂದಮೇಲೆ ಲೆಕ್ಕಾಚಾರ ಬೇರೆಯಾಯಿತು. ಕ್ಲಬ್ಬು ತನ್ನದೇ ಆದ ಸಂಸ್ಥೆಯಾಗಿರಬೇಕು, ಕಿರಿಯರ ತಂಡಗಳಿರಬೇಕು ಎಂದು ಏಷ್ಯಾ ಒಕ್ಕೂಟದ ನಿಯಮ. 2010ರಲ್ಲಿ ಮಹೀಂದ್ರ, 2011ರಲ್ಲಿ ಪಂಜಾಬಿನ ಜೆ.ಸಿ.ಟಿ. ತಮ್ಮ ತಂಡಗಳನ್ನು ಮುಚ್ಚಿದವು. 2010ರಲ್ಲಿ ಐ-ಲೀಗಿಗೆ ಏರಿದ್ದ ನಮ್ಮ ಎಚ್.ಎ.ಎಲ್. ಎರಡು ಋತು ಆಡಿ, 2012ರಲ್ಲಿ ಕೊನೆಯ ಸ್ಥಾನಕ್ಕಿಳಿದು ಹೊರಬಿತ್ತು.

ಮರುವರ್ಷ ಜೆ.ಎಸ್.ಡಬ್ಲ್ಯು. ಸಂಸ್ಥೆ ಬೆಂಗಳೂರು ಎಫ್.ಸಿ.ಯನ್ನು ಕಟ್ಟಿತು. ಕೆಳಗಿನ ಮೆಟ್ಟಿಲು ಹತ್ತದೆ ನೇರವಾಗಿ ಲೀಗಿಗೆ ಬಂದ ತಂಡ ಮೊದಲ ಋತುವಿನಲ್ಲೇ ಗೆದ್ದಿತು. ಹಿಂದೊಮ್ಮೆ ಐ.ಟಿ.ಐ. ಗೆದ್ದ ಫೆಡರೇಷನ್ ಕಪ್ 2015ರಲ್ಲಿ ಇವರ ಕೈಸೇರಿತು. ಕಂಠೀರವ ಕ್ರೀಡಾಂಗಣಕ್ಕೆ ಜನ ಬಂದರು. ಅದನ್ನು ಅಲ್ಲಗಳೆಯುವುದು ಮತ್ಸರವಾದೀತು. ಆಟಗಾರನಿಗೆ ಸಿಗುವ ಹಣವೂ ಹಿಂದಿನದಲ್ಲ. ಆದರೆ ಕರಾರು ಕೆಲವೇ ವರ್ಷಗಳದು. ಅದು ಮುಗಿದಮೇಲೆ ಹಾಜರಿ ಹಾಕಲು ಕಾರ್ಖಾನೆಯಿಲ್ಲ.

2016ರ ನವೆಂಬರಿನಲ್ಲಿ ಈ ತಂಡ ದೋಹಾದಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವಾಡಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಹೋಗಿರಲಿಲ್ಲ. ಸೋತದ್ದು ಒಂದೇ ಗೋಲಿನಿಂದ. ಗೆದ್ದದ್ದು ಇರಾಕಿನ ವಾಯುಪಡೆಯ ತಂಡ. ನಮ್ಮಲ್ಲಿ ಹಳೆಯದೆಂದು ಬದಿಗಿಟ್ಟ ಇಲಾಖೆಯ ತಂಡಗಳ ಜಾತಿಗೇ ಸೇರಿದ್ದು.