ತಂತಿ ಹೇಳಿದಷ್ಟೇ ಕಂಪ್ಯೂಟರಿಗೆ ಗೊತ್ತು: ಹ್ಯಾನೋವರ್‌ನ ಹಳೆ ಡೀಸೆಲ್ ಪಿಕಪ್‌ಗಳು

ಉತ್ತರ ಜರ್ಮನಿಯ ಹ್ಯಾನೋವರ್ ನಗರದ ಸ್ಟೋಕನ್ ಬಡಾವಣೆಯಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಸರಕು ವಾಹನಗಳ ಕಾರ್ಖಾನೆ 1956ರ ಮಾರ್ಚ್‌ನಲ್ಲಿ ಶುರುವಾಯಿತು. ಹಿಂದೆ ತೆರೆದ ತೊಟ್ಟಿ, ಮುಂದೆ ಒಂದು ಸಾಲು ಅಥವಾ ಎರಡು ಸಾಲು ಸೀಟು ಇರುವ ಪಿಕಪ್‌ಗಳು ಅಲ್ಲಿಂದ ದಶಕಗಟ್ಟಲೆ ಹೊರಬಂದಿವೆ. ಎರಡು ಸಾಲಿನ ಕ್ಯಾಬಿನ್ 1958ರಲ್ಲಿ ಬಂತು. ಟೈರಿಗೆ ಹೆಸರಾದ, 2025ರವರೆಗೆ ವಾಹನ ಎಲೆಕ್ಟ್ರಾನಿಕ್ಸ್‌ಗೂ ಹೆಸರಾಗಿದ್ದ ಕಾಂಟಿನೆಂಟಲ್‌ನ ಕೇಂದ್ರ ಕಚೇರಿ ಇರುವುದು ಇದೇ ಊರಲ್ಲಿ. ವಾಹನ ರಸ್ತೆಗೆ ಯೋಗ್ಯವೇ ಎಂದು ತಪಾಸಣೆ ಮಾಡುವ ಟ್ಯೂಫ್ ನಾರ್ಡ್ ಸಂಸ್ಥೆಯ ಕೇಂದ್ರವೂ ಇಲ್ಲೇ. ಡೀಸೆಲ್ ಪಿಕಪ್‌ಗೆ ಎಲೆಕ್ಟ್ರಾನಿಕ್ಸ್ ಹೇಗೆ ಬಂತು, ಅದು ಕೆಟ್ಟಾಗ ಹುಡುಕುವ ವಿದ್ಯೆ ಹೇಗೆ ಬೆಳೆಯಿತು, ಅದನ್ನು ತಿದ್ದುವ ಹಕ್ಕು ಯಾರ ಕೈಯಲ್ಲಿ ಉಳಿಯಿತು ಎಂದು ನೋಡುವವರಿಗೆ ಇದಕ್ಕಿಂತ ಒಳ್ಳೆಯ ಊರು ಸಿಗದು.

ಎಲೆಕ್ಟ್ರಾನಿಕ್ಸ್ ಬರುವ ಮುಂಚಿನ ಡೀಸೆಲ್ ಚರಿತ್ರೆಯೂ ಇಲ್ಲಿ ದೊಡ್ಡದು. ಲಿಂಡನ್ ಬಡಾವಣೆಯ ಹಾನೊಮಾಗ್ ಕಂಪನಿ 1936ರ ಬರ್ಲಿನ್ ಮೇಳದಲ್ಲೇ ಡೀಸೆಲ್ ಕಾರು ತೋರಿಸಿತ್ತು. ಯುದ್ಧದ ನಂತರ ಅದರ ಸಣ್ಣ ಲಾರಿಗಳು ಜರ್ಮನಿಯ ತುಂಬ ಓಡಿದವು. ಫೋಕ್ಸ್‌ವ್ಯಾಗನ್‌ನ ಮೂರನೇ ತಲೆಮಾರಿನ ವಾಹನ, ಜನ ಟಿ3 ಎನ್ನುವುದು, 1981ರಲ್ಲಿ 1.6 ಲೀಟರಿನ 50 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಪಡೆಯಿತು. ಅದರ ಡೀಸೆಲ್ ಪಂಪು ಪೂರ್ತಿ ಯಾಂತ್ರಿಕ. ಪಂಪಿಗೆ ಹೋಗುತ್ತಿದ್ದ ಮುಖ್ಯ ತಂತಿ ಒಂದೇ, ಎಂಜಿನ್ ನಿಲ್ಲಿಸುವ ಸೊಲೆನಾಯ್ಡ್‌ನದು. ಆ ತಂತಿಗೆ 12 ವೋಲ್ಟ್ ಬಂದರೆ ಡೀಸೆಲ್ ಹರಿಯುತ್ತದೆ, ಇಲ್ಲವಾದರೆ ಇಲ್ಲ. ಚಳಿಯಲ್ಲಿ ಸ್ಟಾರ್ಟ್ ಆಗಲಿಲ್ಲವೆಂದರೆ ಹೀಟರ್ ಪ್ಲಗ್ಗುಗಳನ್ನೂ ಅವುಗಳ ರಿಲೇಯನ್ನೂ ನೋಡಿದರೆ ಸಾಕಿತ್ತು. 1989ರಿಂದ ಹ್ಯಾನೋವರ್‌ನಲ್ಲಿ ತಯಾರಾದ ಟಾರೊ ಪಿಕಪ್ ಕೂಡ ಈ ಕಾಲಕ್ಕೇ ಸೇರಿದ್ದು. ಅದು ಟೊಯೋಟಾದ ಹೈಲಕ್ಸ್‌ಗೆ ಫೋಕ್ಸ್‌ವ್ಯಾಗನ್ ಹೆಸರು ಕೊಟ್ಟ ವಾಹನ, ಅದರ 2.4 ಲೀಟರ್ ಡೀಸೆಲ್ಲಿಗೂ ಕಂಪ್ಯೂಟರಿನ ಹಂಗಿರಲಿಲ್ಲ. ಈ ಕಾಲದ ಮೆಕ್ಯಾನಿಕ್ಕಿಗೆ ಕಿವಿ, ಮೂಗು ಮತ್ತು ಹೊಗೆಯ ಬಣ್ಣವೇ ಉಪಕರಣ. 1951ರಲ್ಲಿ ಹುಟ್ಟಿದ, ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿಯ ಪಂಪು, ನಾಝಲ್‌ಗಳನ್ನು ಬಿಚ್ಚಿ ಜೋಡಿಸಿದ ನಮ್ಮ ಕಡೆಯ ಮೇಸ್ತ್ರಿಗಳಿಗೆ ಮೈಕೋದಂತೆಯೇ ಜರ್ಮನಿಯ ಬಾಷ್ ಮನೆತನಕ್ಕೆ ಸೇರಿದ ಟಿ3ರ ಪಂಪು ಅಪರಿಚಿತವಲ್ಲ.

ತಿರುವು ಬಂದದ್ದು 1980ರ ದಶಕದ ಎರಡನೇ ಅರ್ಧದಲ್ಲಿ. ಬಾಷ್ ಕಂಪನಿ 1986ರಲ್ಲಿ ಡೀಸೆಲ್ ಎಂಜಿನ್ನಿನ ಎಲೆಕ್ಟ್ರಾನಿಕ್ ನಿಯಂತ್ರಣವನ್ನು ಮಾರುಕಟ್ಟೆಗೆ ತಂದಿತು. 1989ರಲ್ಲಿ ಆಡಿ 100 ಕಾರಿನ 2.5 ಲೀಟರ್ ಟರ್ಬೊ ಎಂಜಿನ್ ಅದರ ಜೊತೆ ಬಂತು. ಹ್ಯಾನೋವರ್‌ನ ಪಿಕಪ್‌ಗೆ ಈ ವಿದ್ಯೆ ತಲುಪಿದ್ದು 1995ರಲ್ಲಿ, ನಾಲ್ಕನೇ ತಲೆಮಾರಿನ ಟಿ4ರ ಐದು ಸಿಲಿಂಡರಿನ 2.5 ಟಿಡಿಐ ಎಂಜಿನ್ನಿನೊಂದಿಗೆ, 102 ಅಶ್ವಶಕ್ತಿಯೊಂದಿಗೆ. ಪಂಪಿನ ಹೊಟ್ಟೆಯಲ್ಲಿ ಎಷ್ಟು ಡೀಸೆಲ್ ಹೋಗಬೇಕೆಂದು ನಿರ್ಧರಿಸುವ ಒಂದು ಬಳೆ ಇರುತ್ತದೆ. ಹಳೆ ಪಂಪಿನಲ್ಲಿ ತಿರುಗುವ ಗುಂಡುಗಳೂ ಸ್ಪ್ರಿಂಗೂ ಅದನ್ನು ಸರಿಸುತ್ತಿದ್ದವು. ಹೊಸದರಲ್ಲಿ ಒಂದು ವಿದ್ಯುತ್ಕಾಂತ ಸರಿಸುತ್ತದೆ, ಎಲ್ಲಿಗೆ ಸರಿದಿದೆ ಎಂಬುದನ್ನು ಒಂದು ಸೆನ್ಸರ್ ಕಂಪ್ಯೂಟರಿಗೆ ತಿಳಿಸುತ್ತದೆ. ಆಕ್ಸಿಲರೇಟರ್ ಪೆಡಲಿನಿಂದ ಪಂಪಿಗೆ ಕೇಬಲ್ಲೇ ಇಲ್ಲ. ಕಾಲು ಒತ್ತಿದಾಗ ಹೋಗುವುದು ಒಂದು ವೋಲ್ಟೇಜು ಮಾತ್ರ.

ಈ ಟಿ4 ಪಿಕಪ್ಪಿನ ಬಳಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಎಲೆಕ್ಟ್ರಾನಿಕ್ ಡೀಸೆಲ್ಲಿನ ಎಲ್ಲ ಪಾಠಗಳೂ ಇದರಲ್ಲೇ ಇವೆ, ಮತ್ತು ಇದನ್ನು ಮನೆಯಲ್ಲೇ ಮಲ್ಟಿಮೀಟರ್ ಹಿಡಿದು ರಿಪೇರಿ ಮಾಡಬಹುದು. ದೋಷ ಕಂಡಾಗ ಕಂಪ್ಯೂಟರು ಹೀಟರ್ ದೀಪವನ್ನು ಮಿಣುಕಿಸುತ್ತದೆ. ಗಾಡಿ ಎಳೆಯುವುದಿಲ್ಲ, ಏರಿನಲ್ಲಿ ಸೋಲುತ್ತದೆ. ಮಾಲೀಕ ಗಾಬರಿಯಾಗಿ ಪಂಪು ಹೋಯಿತು ಎಂದುಕೊಳ್ಳುತ್ತಾನೆ. ಎಷ್ಟೋ ಸಲ ಹೋಗಿರುವುದು ಬ್ರೇಕ್ ಪೆಡಲಿನ ಬಳಿಯ ಸಣ್ಣ ಸ್ವಿಚ್. ಆ ಸ್ವಿಚ್ ಎರಡು ಸಂಕೇತ ಕಳಿಸುತ್ತದೆ, ಎರಡೂ ಒಂದಕ್ಕೊಂದು ತಾಳೆಯಾಗದಿದ್ದರೆ ಕಂಪ್ಯೂಟರಿಗೆ ಅನುಮಾನ ಬರುತ್ತದೆ. ಇನ್ನೊಂದು ಪ್ರಸಿದ್ಧ ದೋಷ 109 ಸಂಖ್ಯೆಯ ರಿಲೇ. ಎಂಜಿನ್ ಕಂಪ್ಯೂಟರಿಗೆ ವಿದ್ಯುತ್ ಕೊಡುವ ಈ ರಿಲೇಯ ಒಳಗಿನ ಬೆಸುಗೆ ವರ್ಷಗಳ ಬಿಸಿಯಿಂದ ಬಿರುಕು ಬಿಡುತ್ತದೆ. ಗಾಡಿ ಓಡುತ್ತಿದ್ದಂತೆ ಸುಮ್ಮನೆ ನಿಂತುಬಿಡುತ್ತದೆ, ತಣ್ಣಗಾದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಕೀಲಿ ತಿರುಗಿಸಿದಾಗ ಹೀಟರ್ ದೀಪ ಹತ್ತದೇ ಇದ್ದರೆ ಮೊದಲು ಇದನ್ನೇ ಅನುಮಾನಿಸಬೇಕು.

ಇವಕ್ಕಿಂತ ಕಷ್ಟದವು ಕಂಪ್ಯೂಟರಿನಲ್ಲಿ ಯಾವ ದೋಷ ಸಂಕೇತವನ್ನೂ ಬಿಟ್ಟುಹೋಗದ ದೋಷಗಳು. ಎಂಜಿನ್ ಒಳಗೆ ಎಳೆದುಕೊಳ್ಳುವ ಗಾಳಿಯನ್ನು ಅಳೆಯುವ ಮೀಟರು ಹಳತಾದಾಗ ಕಡಿಮೆ ಗಾಳಿ ತೋರಿಸುತ್ತದೆ. ಗಾಳಿ ಕಡಿಮೆ ಇದ್ದರೆ ಕಪ್ಪು ಹೊಗೆ ಬರುತ್ತದೆ ಎಂದು ಕಂಪ್ಯೂಟರು ಡೀಸೆಲ್ಲನ್ನೂ ಕಡಿಮೆ ಮಾಡುತ್ತದೆ. ಅದರ ಲೆಕ್ಕದಲ್ಲಿ ಎಲ್ಲವೂ ಸರಿ, ದೋಷ ಸಂಕೇತ ಸೊನ್ನೆ, ಗಾಡಿ ಮಾತ್ರ ಎಳೆಯುವುದಿಲ್ಲ. ಆ ಮೀಟರಿನ ಕನೆಕ್ಟರ್ ಕಿತ್ತು ಓಡಿಸಿ ನೋಡುವುದು ಹಳೆಯ ಉಪಾಯ. ಕಂಪ್ಯೂಟರು ಆಗ ತನ್ನೊಳಗಿನ ಬದಲಿ ಅಂಕಿ ಹಿಡಿದುಕೊಂಡು ನಡೆಸುತ್ತದೆ, ಗಾಡಿ ಚುರುಕಾದರೆ ಕಳ್ಳ ಸಿಕ್ಕಂತೆ. ನೀರಿನ ಉಷ್ಣತೆಯ ಸೆನ್ಸರ್ ಕೂಡ ಹೀಗೆಯೇ ಮೋಸ ಮಾಡುತ್ತದೆ. ಚಳಿಗಾಲದ ಬೆಳಗ್ಗೆ ಅದು ಎಂಜಿನ್ ಬೆಚ್ಚಗಿದೆ ಎಂದರೆ ಹೀಟರ್ ಪ್ಲಗ್ಗುಗಳು ಬೇಗ ಆರಿಹೋಗುತ್ತವೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ನೀರು, ಡೀಸೆಲ್, ಒಳಗೆ ಬರುವ ಗಾಳಿ ಈ ಮೂರರ ಉಷ್ಣತೆಯನ್ನು ಬೆಳಗ್ಗೆ ಸ್ಕ್ಯಾನರಿನಲ್ಲಿ ಓದಿ. ಮೂರೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಮಾತ್ರ ಬೇರೆ ಇದ್ದರೆ ಆ ಸೆನ್ಸರ್ ಸುಳ್ಳು ಹೇಳುತ್ತಿದೆ. ಒಂದು ಪೈಸೆ ಖರ್ಚಿಲ್ಲದ ಇಂಥ ಪರೀಕ್ಷೆಯನ್ನು ಬಿಟ್ಟು ಹೊಸ ಭಾಗ ಕೊಳ್ಳುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಅರ್ತ್ ವಿಷಯವೂ ಅಷ್ಟೇ ದೊಡ್ಡದು. ಜರ್ಮನಿಯಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಎಂಜಿನ್, ಗೇರ್‌ಬಾಕ್ಸ್ ಮತ್ತು ಬಾಡಿಯ ನಡುವಿನ ಅರ್ತ್ ಪಟ್ಟಿ ಆ ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಮಲ್ಟಿಮೀಟರಿನ ಒಂದು ತುದಿಯನ್ನು ಎಂಜಿನ್ ಬ್ಲಾಕಿಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್‌ಗೂ ಹಿಡಿದು ಸ್ಟಾರ್ಟರ್ ತಿರುಗಿಸಿ. ಅರ್ಧ ವೋಲ್ಟ್ ದಾಟಿದರೆ ಆ ಪಟ್ಟಿ ಸರಿ ಮಾಡದೆ ಬೇರೇನನ್ನೂ ಮುಟ್ಟಬೇಡಿ. ಸೆನ್ಸರುಗಳ ಭಾಷೆ ಐದು ವೋಲ್ಟಿನೊಳಗಿನ ಭಾಷೆ, ಅರ್ತ್‌ನಲ್ಲೇ ಅರ್ಧ ವೋಲ್ಟ್ ಕಳೆದುಹೋದರೆ ಎಲ್ಲರ ಮಾತೂ ತೊದಲುತ್ತದೆ.

ಓದುವ ಉಪಕರಣಗಳದೂ ಒಂದು ಕತೆ. ಮೊದಲು ಕಂಪನಿಯ ಅಧಿಕೃತ ಗ್ಯಾರೇಜಿನಲ್ಲಿ ಮಾತ್ರ ವಿಎಜಿ 1551 ಎಂಬ ಭಾರದ ಪೆಟ್ಟಿಗೆ ಇತ್ತು. ಅದು ಕೆ-ಲೈನ್ ಎಂಬ ಒಂದೇ ತಂತಿಯ ಮೇಲೆ ನಿಧಾನವಾಗಿ ಕಂಪ್ಯೂಟರಿನ ಜೊತೆ ಮಾತಾಡುತ್ತಿತ್ತು. ಬೀದಿ ಬದಿಯ ಮೆಕ್ಯಾನಿಕ್ಕಿಗೆ ಬಾಗಿಲು ಮುಚ್ಚಿತ್ತು. ಅದನ್ನು ತೆರೆದದ್ದು ಕಾನೂನೂ ಹವ್ಯಾಸಿಗಳೂ. ಅಮೆರಿಕ 1996ರಲ್ಲಿ ಎಲ್ಲ ಹೊಸ ಕಾರುಗಳಿಗೆ ಒಂದೇ ಆಕಾರದ 16 ಪಿನ್ನಿನ ಸಾಕೆಟ್ಟನ್ನು ಕಡ್ಡಾಯ ಮಾಡಿತು. ಯುರೋಪಿನಲ್ಲಿ ಡೀಸೆಲ್ ಕಾರುಗಳಿಗೆ ಆ ಮಾದರಿಯ ಸ್ವಯಂ ತಪಾಸಣೆ 2003ರ ಸುಮಾರಿಗೆ ಕಡ್ಡಾಯವಾಯಿತು. ಇತ್ತ ಸಾಮಾನ್ಯ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಫೋಕ್ಸ್‌ವ್ಯಾಗನ್ ಗಾಡಿಗಳನ್ನು ಓದುವ ತಂತ್ರಾಂಶಗಳು ಬಂದವು. ಟಿ4 ಮಾಲೀಕನು ಮನೆಯ ಅಂಗಳದಲ್ಲೇ ಮೂರನೇ ಅಳತೆ ಗುಂಪಿನಲ್ಲಿ ಬೇಕಾದ ಗಾಳಿ ಎಷ್ಟು, ಬಂದ ಗಾಳಿ ಎಷ್ಟು ಎಂದು ನೋಡಬಹುದಾಯಿತು. ಹನ್ನೊಂದನೇ ಗುಂಪಿನಲ್ಲಿ ಟರ್ಬೊ ಒತ್ತಡ ಸಿಗುತ್ತದೆ. ದೋಷ ಸಂಕೇತಕ್ಕಿಂತ ಈ ಓಡುವ ಅಂಕಿಗಳೇ ಮುಖ್ಯ ಎಂಬುದು ಅನುಭವಸ್ಥರೆಲ್ಲರ ಮಾತು.

2003ರ ಟಿ5ರಲ್ಲಿ ಪಂಪೇ ಮಾಯವಾಯಿತು. ಪ್ರತಿ ಸಿಲಿಂಡರಿಗೂ ಪಂಪು ಮತ್ತು ನಾಝಲ್ ಒಂದೇ ಮೈಯಾಗಿ ಕೂತವು, ಒತ್ತಡ 2,000 ಬಾರ್ ದಾಟಿತು. ಫಿಯೆಟ್‌ನವರ ಸಂಶೋಧನೆಯಿಂದ ಹುಟ್ಟಿ ಬಾಷ್ ಕೈಯಲ್ಲಿ ಬೆಳೆದು 1997ರಲ್ಲಿ ಕಾರುಗಳಿಗೆ ಬಂದ ಕಾಮನ್ ರೈಲ್ ಆ ದಶಕದ ಕೊನೆಗೆ ಹ್ಯಾನೋವರ್ ವಾಹನಗಳಿಗೂ ಇಳಿಯಿತು. ಜೊತೆಗೆ ಬಂದ ಕ್ಯಾನ್ ಜಾಲದಲ್ಲಿ ಎಂಜಿನ್, ಬ್ರೇಕ್, ಮೀಟರ್ ಬೋರ್ಡ್ ಎಲ್ಲವೂ ಎರಡು ಹೆಣೆದ ತಂತಿಗಳ ಮೇಲೆ ಒಟ್ಟಿಗೆ ಮಾತಾಡುತ್ತವೆ. ಬ್ಯಾಟರಿ ಬಿಚ್ಚಿ ಆ ಎರಡು ತಂತಿಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ ಎಂದರ್ಥ. ಎಷ್ಟೇ ಹೊಸ ವಿದ್ಯೆಯಾದರೂ ಮತ್ತೆ ಮಲ್ಟಿಮೀಟರೇ ಬೇಕಾಯಿತು.

ಇನ್ನು ಶಕ್ತಿ ಹೆಚ್ಚಿಸುವ ಮಾತು. ಮೊದಲ ಕಂಪ್ಯೂಟರುಗಳಲ್ಲಿ ಇಪ್ರಾಮ್ ಚಿಪ್ ತೆಗೆದು ಬೇರೆ ಚಿಪ್ ಕೂರಿಸುತ್ತಿದ್ದರು. ಆಮೇಲೆ ಸಾಕೆಟ್ಟಿನ ಮೂಲಕವೇ ಹೊಸ ನಕ್ಷೆ ಬರೆಯುವುದು ಸಾಧ್ಯವಾಯಿತು. ಡೀಸೆಲ್ಲಿನ ಪ್ರಮಾಣ, ಟರ್ಬೊ ಒತ್ತಡ, ಹೊಗೆಯ ಮಿತಿ ಈ ಮೂರನ್ನು ಸ್ವಲ್ಪ ಸರಿಸಿದರೆ ಗಾಡಿಗೆ ಬಲ ಬರುತ್ತದೆ, ನಿಜ. ಆದರೆ ಜರ್ಮನ್ ವಾಹನ ನಿಯಮದ 19ನೇ ವಿಧಿಯ ಪ್ರಕಾರ ಹೊಗೆ ಅಥವಾ ಸದ್ದು ಕೆಡುವಂಥ ಬದಲಾವಣೆ ಮಾಡಿದರೆ ಗಾಡಿಯ ಓಡಾಟದ ಅನುಮತಿಯೇ ರದ್ದಾಗುತ್ತದೆ. ಪರೀಕ್ಷಕ ಎಂಜಿನಿಯರ್ ಒಪ್ಪಿ ದಾಖಲೆಯಲ್ಲಿ ಬರೆಯಿಸಬೇಕು. ಈ ಕಟ್ಟುನಿಟ್ಟು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಬಲ ಹೆಚ್ಚಿಸಿದ ಎಂಜಿನ್ನಿನ ಭಾರ ಕ್ಲಚ್ಚು, ಗೇರ್‌ಬಾಕ್ಸಿನ ಮೇಲೆ ಬೀಳುತ್ತದೆ, ಹೊಗೆ ದಾರಿಹೋಕರ ಎದೆಗೆ ಹೋಗುತ್ತದೆ. ಹಳೆ ಪಿಕಪ್ಪಿಗೆ ಮಾಡಬಹುದಾದ ಅತ್ಯುತ್ತಮ ಸುಧಾರಣೆ ಹೊಸ ಅರ್ತ್ ಪಟ್ಟಿ, ಒಡೆಯದ ಗಾಳಿ ಪೈಪು, ಸರಿಯಾಗಿ ಅಳೆಯುವ ಸೆನ್ಸರುಗಳು. ಕಳೆದುಹೋದ ಬಲ ಅಲ್ಲೇ ವಾಪಸು ಬರುತ್ತದೆ.

ಹೊಗೆಯ ಕಾರಣಕ್ಕೇ ಹ್ಯಾನೋವರ್ 2008ರ ಜನವರಿ 1ರಂದು, ಬರ್ಲಿನ್ ಮತ್ತು ಕಲೋನ್ ಜೊತೆ, ನಗರದ ಒಳಭಾಗವನ್ನು ಪರಿಸರ ವಲಯ ಮಾಡಿತು. ಗಾಜಿನ ಮೇಲೆ ಬಣ್ಣದ ಚೀಟಿ ಇಲ್ಲದ ಗಾಡಿಗೆ ಅಲ್ಲಿ ಪ್ರವೇಶವಿರಲಿಲ್ಲ. ಹಳೆ ಡೀಸೆಲ್ ಪಿಕಪ್ಪಿನವರು ಮಸಿ ಹಿಡಿಯುವ ಫಿಲ್ಟರ್ ಹಾಕಿಸಿಕೊಂಡರು, ಡೀಸೆಲ್ ಕಾರುಗಳಿಗೆ ಸರ್ಕಾರ 330 ಯುರೊ ಸಹಾಯಧನ ಕೊಟ್ಟಿತು. ಗಾಳಿ ಸುಧಾರಿಸಿದ ಮೇಲೆ 2024ರ ಫೆಬ್ರವರಿಯಲ್ಲಿ ಆ ವಲಯವನ್ನು ತೆಗೆದರು.

ಈ ಇತಿಹಾಸದ ಅತಿ ನೋವಿನ ಅಧ್ಯಾಯ ಫೋಕ್ಸ್‌ವ್ಯಾಗನ್‌ನ ಅಮರೋಕ್‌ನದು. ಅರ್ಜೆಂಟೀನಾದಲ್ಲಿ ಹುಟ್ಟಿದ ಈ ಪಿಕಪ್ 2012ರಿಂದ 2020ರವರೆಗೆ ಹ್ಯಾನೋವರ್‌ನಲ್ಲೂ ತಯಾರಾಯಿತು. ಪರೀಕ್ಷಾ ಯಂತ್ರದ ಮೇಲಿರುವಾಗ ಒಂದು ರೀತಿ, ರಸ್ತೆಯ ಮೇಲೆ ಇನ್ನೊಂದು ರೀತಿ ನಡೆಯುವ ತಂತ್ರಾಂಶ ಫೋಕ್ಸ್‌ವ್ಯಾಗನ್ ಡೀಸೆಲ್ಲುಗಳಲ್ಲಿದೆ ಎಂದು 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಇಲಾಖೆ ಬಹಿರಂಗಪಡಿಸಿತು. ಜರ್ಮನಿಯಲ್ಲಿ ತಿದ್ದುಪಡಿಗೆ ಮೊದಲು ಗ್ಯಾರೇಜಿಗೆ ಕರೆಸಿದ ಮಾದರಿ 2.0 ಲೀಟರ್ ಅಮರೋಕ್, 2016ರ ಜನವರಿಯ ಕೊನೆಗೆ. ಕೆಲಸ ಅರ್ಧ ಗಂಟೆಯದು, ಹೊಸ ತಂತ್ರಾಂಶ ಬರೆಯುವುದಷ್ಟೇ. 2020ರ ಮೇ 25ರಂದು ಜರ್ಮನಿಯ ಸರ್ವೋಚ್ಚ ನ್ಯಾಯಾಲಯ ಕಂಪನಿಯ ನಡೆ ಗ್ರಾಹಕರ ಮಟ್ಟಿಗೆ ಅನೈತಿಕವೆಂದು ತೀರ್ಪಿತ್ತಿತು. 2015ರವರೆಗೆ ಮೆಕ್ಯಾನಿಕ್ಕುಗಳು ಸೆನ್ಸರ್ ಮಾತ್ರ ಸುಳ್ಳು ಹೇಳಬಹುದೆಂದು ತಿಳಿದಿದ್ದರು. ಕಂಪ್ಯೂಟರನ್ನೇ ಸುಳ್ಳು ಹೇಳಲು ಕಲಿಸಬಹುದೆಂದು ಆಗ ತಿಳಿಯಿತು. ತಪಾಸಣೆಯೂ ಬದಲಾಯಿತು. ಹೊಗೆ ಕೊಳವೆಗೆ ನೇರವಾಗಿ ಅಳತೆಯ ಕೊಳವೆ ಇಡುವುದು 2018ರಿಂದ ಮತ್ತೆ ಕಡ್ಡಾಯವಾಯಿತು, ಹೊಗೆ ನಿಯಮದ ಯುರೊ 6 ದರ್ಜೆಯ ಡೀಸೆಲ್ಲುಗಳ ಮಸಿ ಕಣಗಳನ್ನು ಎಣಿಸುವುದು 2023ರ ಜುಲೈಯಿಂದ ಶುರುವಾಯಿತು.

ಈಗಿನ ಸಮಸ್ಯೆ ವಯಸ್ಸಿನದು. ಮೂವತ್ತು ವರ್ಷ ಸಮೀಪಿಸಿದ ಟಿ4ರ ಕಂಪ್ಯೂಟರ್ ಪೆಟ್ಟಿಗೆಯೊಳಗೆ ತೇವ ಸೇರುತ್ತದೆ, ಬೆಸುಗೆ ಬಿಡುತ್ತದೆ. ಗುಜರಿಯಿಂದ ಇನ್ನೊಂದನ್ನು ತಂದು ಹಾಕಿದರೆ ಎಂಜಿನ್ ಒಂದು ಸೆಕೆಂಡು ಓಡಿ ನಿಲ್ಲುತ್ತದೆ, ಏಕೆಂದರೆ ಕಳ್ಳತನ ತಡೆಯುವ ಇಮೊಬಿಲೈಸರ್ ಹೊಸಬನನ್ನು ಗುರುತಿಸುವುದಿಲ್ಲ. ಹಳೆ ಪೆಟ್ಟಿಗೆಯ ಸಣ್ಣ ಸ್ಮೃತಿ ಚಿಪ್ಪಿನ ಮಾಹಿತಿಯನ್ನು ಹೊಸದಕ್ಕೆ ನಕಲು ಮಾಡಬೇಕು, ಇಲ್ಲವೇ ಹಳೆಯದನ್ನೇ ಬೆಸುಗೆ ಹಾಕಿ ಉಳಿಸಬೇಕು. ಕರ್ನಾಟಕದ ಗ್ಯಾರೇಜುಗಳಿಗೂ ಈ ಕೆಲಸ ಬರಲಿದೆ. ಸ್ವಯಂ ತಪಾಸಣೆಯ ಎರಡನೇ ಹಂತ ಭಾರತದಲ್ಲಿ 2013ರಲ್ಲಿ, ಹೊಗೆ ಮಿತಿಯ ಬಿಎಸ್6 ನಿಯಮ 2020ರ ಏಪ್ರಿಲ್ 1ರಂದು ಬಂದವು. ತರಕಾರಿ ಹೊರುವ ನಮ್ಮ ಕಾಮನ್ ರೈಲ್ ಪಿಕಪ್‌ಗಳ ವೈರಿಂಗಿಗೆ ಉಪ್ಪಿನ ಬದಲು ಮಳೆಗಾಲದ ಕೆಸರು, ಇಲಿ ಕಾಟ ಇದೆ. ಅವನ್ನು ನೋಡುವ ಹುಡುಗರಿಗೆ ಸ್ಕ್ಯಾನರ್ ಕೊಡಿಸುವ ಮೊದಲು ಒಂದು ಒಳ್ಳೆಯ ಮಲ್ಟಿಮೀಟರನ್ನೂ ಆ ಗಾಡಿಯ ವೈರಿಂಗ್ ನಕ್ಷೆಯನ್ನೂ ಕೈಗೆ ಕೊಡಬೇಕು.