ವೇಗದ ಬೌಲರುಗಳ ಅನ್ವೇಷಣೆ (ಕರ್ನಾಟಕ)

ಚೆಂಡನ್ನು ಅಸಾಧಾರಣ ವೇಗದಿಂದ ಎಸೆಯಬಲ್ಲ ತರುಣನನ್ನು ಗುರುತಿಸಿ, ಅವನ ತೋಳಿನ ಬಲಕ್ಕೆ ಹತೋಟಿಯನ್ನೂ ಬಾಳಿಕೆಯನ್ನೂ ಕೂಡಿಸುವ ಕಾರ್ಯವು ಅಮೆರಿಕದ ಬೇಸ್‌ಬಾಲಿನಲ್ಲಿ ಒಂದು ವೃತ್ತಿಯಾಗಿಯೇ ಬೆಳೆದುದಾದರೆ, ಕರ್ನಾಟಕದ ಕ್ರಿಕೆಟ್ಟಿನಲ್ಲಿ ಅದು ಬಹುಕಾಲ ಹಿರಿಯ ಆಟಗಾರರ ಕಣ್ಣಳತೆಗೆ ಬಿಟ್ಟ ವಿಷಯವಾಗಿದ್ದಿತು. ಪ್ರಸನ್ನ, ಚಂದ್ರಶೇಖರರ ಸ್ಪಿನ್ ಬೌಲಿಂಗಿನ ಆಸರೆಯಿಂದ 1973-74ರಲ್ಲಿ ಮೊದಲ ರಣಜಿ ಟ್ರೋಫಿಯನ್ನು ಗೆದ್ದ ನಾಡಿನಲ್ಲಿ, ಹೊಸ ಚೆಂಡಿನ ಹೊಳಪು ಅಳಿಯುವವರೆಗೆ ಮಾತ್ರವೇ ವೇಗದ ಬೌಲರನಿಗೆ ಕೆಲಸವೆಂಬ ಭಾವನೆ ಬೇರೂರಿದ್ದುದು ಸಹಜವೇ ಸರಿ. 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದ ರೋಜರ್ ಬಿನ್ನಿಯವರ ಅಸ್ತ್ರವೂ ಸ್ವಿಂಗ್ ಆಗಿತ್ತೇ ವಿನಾ ವೇಗವಾಗಿರಲಿಲ್ಲ.

ಈ ಪರಂಪರೆಯನ್ನು ಮುರಿದವರು ಜಾವಗಲ್ ಶ್ರೀನಾಥ್. ಮೈಸೂರಿನಲ್ಲಿ 1969ರಲ್ಲಿ ಜನಿಸಿ, ಅಲ್ಲಿಯೇ ಎಂಜಿನಿಯರಿಂಗ್ ವ್ಯಾಸಂಗ ಮಾಡಿದ ಇವರನ್ನು ಕ್ಲಬ್ ಪಂದ್ಯವೊಂದರಲ್ಲಿ ಕಂಡು ರಾಜ್ಯ ತಂಡಕ್ಕೆ ತಂದವರು, ಅಂದು ಆಯ್ಕೆಗಾರರಾಗಿದ್ದ ಗುಂಡಪ್ಪ ವಿಶ್ವನಾಥ್. ವೇಗದ ಬೌಲಿಂಗನ್ನು ಮುಂದೆ ನಿಂತು ಎದುರಿಸಿದ್ದ ಬ್ಯಾಟುಗಾರನಿಗಿಂತ ಉತ್ತಮ ಪರೀಕ್ಷಕ ದೊರಕುವುದುಂಟೆ? 1989-90ರಲ್ಲಿ ಹೈದರಾಬಾದಿನ ವಿರುದ್ಧದ ಚೊಚ್ಚಲ ಪಂದ್ಯದಲ್ಲಿಯೇ ಶ್ರೀನಾಥ್ ಹ್ಯಾಟ್ರಿಕ್ ಸಾಧಿಸಿದರು. 1991ರಲ್ಲಿ ಬ್ರಿಸ್ಬೇನಿನಲ್ಲಿ ಟೆಸ್ಟ್ ಪ್ರವೇಶವಾದರೂ, ಸ್ವದೇಶದ ಪಿಚ್ಚುಗಳು ಸ್ಪಿನ್ನರುಗಳ ಸ್ವತ್ತೆಂಬ ನಂಬಿಕೆಯಿಂದಾಗಿ ತಾಯ್ನಾಡಿನಲ್ಲಿ ಮೊದಲ ಟೆಸ್ಟ್ ಆಡಲು ಅವರು 1994ರವರೆಗೆ ಕಾಯಬೇಕಾಯಿತು. 1997ರ ಭುಜದ ಶಸ್ತ್ರಚಿಕಿತ್ಸೆ ಅನೇಕರ ವೃತ್ತಿಜೀವನವನ್ನು ಕೊನೆಗಾಣಿಸುವಂಥದಾಗಿದ್ದಿತು. ಇವರಾದರೋ ಎರಡು ವರ್ಷಗಳಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ 13 ವಿಕೆಟ್‌ಗಳನ್ನು ಕಿತ್ತು, ಒಟ್ಟು 236 ಟೆಸ್ಟ್ ವಿಕೆಟ್‌ಗಳೊಡನೆ ನಿವೃತ್ತರಾದರು.

ಕಣ್ಣಳತೆಯ ಜೊತೆಗೆ ಶಾಸ್ತ್ರೀಯ ಶಿಕ್ಷಣವೂ ಸೇರಿದುದು 1987ರಲ್ಲಿ ಚೆನ್ನೈಯಲ್ಲಿ ಸ್ಥಾಪಿತವಾದ ಎಂ.ಆರ್.ಎಫ್. ಪೇಸ್ ಫೌಂಡೇಶನ್ನಿನಿಂದ. ಡೆನ್ನಿಸ್ ಲಿಲ್ಲಿಯವರ ನಿರ್ದೇಶನದ ಈ ಶಾಲೆಯಲ್ಲಿ ಪಳಗಿದವರಲ್ಲಿ ಬೆಂಗಳೂರಿನ ವೆಂಕಟೇಶ್ ಪ್ರಸಾದ್ ಒಬ್ಬರು.

ಅನ್ವೇಷಣೆಯ ಮಿತಿಯನ್ನು ಅರಿಯಲು ಡೇವಿಡ್ ಜಾನ್ಸನ್ನರ ವೃತ್ತಾಂತವೇ ಸಾಕು. ಶ್ರೀನಾಥರ ಪೂರ್ವಿಕರ ಜಾವಗಲ್ ಯಾವ ತಾಲ್ಲೂಕಿಗೆ ಸೇರಿದೆಯೋ ಆ ಅರಸೀಕೆರೆಯಲ್ಲಿಯೇ 1971ರಲ್ಲಿ ಜನಿಸಿದ ಇವರು, 1995-96ರ ರಣಜಿಯಲ್ಲಿ ಕೇರಳದ ವಿರುದ್ಧ 152 ರನ್ನುಗಳಿಗೆ 10 ವಿಕೆಟ್ ಪಡೆದು, ಮರುವರ್ಷ ಶ್ರೀನಾಥ್ ಗಾಯಗೊಂಡಾಗ ದೆಹಲಿಯಲ್ಲಿ ಆಸ್ಟ್ರೇಲಿಯದ ವಿರುದ್ಧ ಟೆಸ್ಟ್ ಆಡಿದರು. ಇವರ ಒಂದು ಎಸೆತ ಗಂಟೆಗೆ 157.8 ಕಿ.ಮೀ. ವೇಗದ್ದೆಂದು ಪ್ರಚಾರವಾದುದುಂಟು, ಅಂದಿನ ಮಾಪನದ ಮೇಲೆ ಅಷ್ಟು ಭಾರ ಹೊರಿಸಲಾಗದಾದರೂ, ವೇಗವಿದ್ದುದರಲ್ಲಿ ಸಂಶಯವಿಲ್ಲ. ಇಲ್ಲದಿದ್ದುದು ನಿಶ್ಚಿತ ಗುರಿ, ಮತ್ತು ಅದು ಕೈಗೂಡುವವರೆಗೆ ಕಾಯುವ ಆಯ್ಕೆಗಾರರ ತಾಳ್ಮೆ. ಡರ್ಬನ್ನಿನ ಎರಡನೆಯ ಟೆಸ್ಟೇ ಕಡೆಯದಾಗಿ, ಮೂರು ವಿಕೆಟ್‌ಗಳಿಗೆ ಅವರ ಲೆಕ್ಕ ಮುಗಿಯಿತು.

ಬೇರೆ ಆಟದ ಅಂಗಳದಿಂದ ಬಂದವರೂ ಇಲ್ಲದಿಲ್ಲ. ಹದಿಹರೆಯದಲ್ಲಿ ಡಿಸ್ಕಸ್ ಎಸೆಯುತ್ತಿದ್ದ ಅಭಿಮನ್ಯು ಮಿಥುನ್, ತಡವಾಗಿ ಕ್ರಿಕೆಟ್ಟಿಗೆ ತಿರುಗಿ, 2009-10ರ ಮೊದಲ ರಣಜಿ ಋತುವಿನಲ್ಲಿ 47 ವಿಕೆಟ್ ಗಳಿಸಿ, 2010ರಲ್ಲಿ ಗಾಲೆಯಲ್ಲಿ ಟೆಸ್ಟ್ ಆಡಿದರು. ಇದೇ ಕಾಲದಲ್ಲಿ ಅಮೆರಿಕದ ಶೋಧಕರು ಭಾರತದಲ್ಲಿ ಸ್ಪರ್ಧೆ ನಡೆಸಿ ಆರಿಸಿದ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಜಾವೆಲಿನ್ ಪಟುಗಳು, ಬೇಸ್‌ಬಾಲನ್ನು ಹಿಂದೆಂದೂ ಆಡದಿದ್ದರೂ 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದೊಡನೆ ಕರಾರು ಮಾಡಿಕೊಂಡರು. ಮೇಜರ್ ಲೀಗಿನ ಮೆಟ್ಟಿಲನ್ನು ಮಾತ್ರ ಇಬ್ಬರೂ ಏರಲಿಲ್ಲ. ವೇಗವನ್ನು ಒಂದು ದಿನದಲ್ಲಿ ಅಳೆಯಬಹುದು, ಆಟದ ಸಂಸ್ಕಾರವನ್ನು ಹಾಗೆ ಅಳೆಯಲಾಗದು.

ಇತ್ತೀಚಿನ ಪೀಳಿಗೆಯಲ್ಲಿ ದೇಹರಕ್ಷಣೆಗೆ ಪ್ರಾಧಾನ್ಯ ಬಂದಿದೆ. 2015ರಲ್ಲಿ ಮೈಸೂರಿನಲ್ಲಿ ಬಾಂಗ್ಲಾದೇಶ ‘ಎ’ ತಂಡದ ವಿರುದ್ಧ ಐದು ವಿಕೆಟ್ ಪಡೆದು ಬೆಳಕಿಗೆ ಬಂದ ಪ್ರಸಿದ್ಧ್ ಕೃಷ್ಣ, ಬೆನ್ನುಮೂಳೆಯ ಬಿರುಕಿನಿಂದಾಗಿ 2022ರಿಂದ ಸುಮಾರು ಒಂದು ವರ್ಷ ಆಟದಿಂದ ದೂರವಿದ್ದು, ಚೇತರಿಸಿಕೊಂಡ ಮೇಲೆ ಟೆಸ್ಟ್ ಪ್ರವೇಶಿಸಿ, 2025ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಭಾರತ 6 ರನ್ನುಗಳಿಂದ ಗೆದ್ದ ಪಂದ್ಯದಲ್ಲಿ ಎಂಟು ವಿಕೆಟ್‌ಗಳನ್ನು ಪಡೆದರು.