ವಿಹಾರ ನೌಕೆಗಳ ಮಕ್ಕಳ ಕ್ಲಬ್: ಯಾವ ವಯಸ್ಸಿಗೆ ಯಾವ ಗುಂಪು?

ಕುಟುಂಬ ಸಮೇತ ಕಡಲಯಾನ ಕೈಗೊಳ್ಳುವವರಿಗಾಗಿ ದೊಡ್ಡ ವಿಹಾರ ನೌಕೆಗಳು ಒದಗಿಸುವ ಸೌಲಭ್ಯಗಳಲ್ಲಿ ಮಕ್ಕಳ ಕ್ಲಬ್ ಪ್ರಮುಖವಾದುದು. ತರಬೇತಿ ಪಡೆದ ಸಿಬ್ಬಂದಿಯ ಉಸ್ತುವಾರಿಯಲ್ಲಿ ಆಟ, ಚಿತ್ರಕಲೆ, ಪುಟ್ಟ ವಿಜ್ಞಾನ ಪ್ರಯೋಗ, ಸಂಗೀತ ಮೊದಲಾದ ಚಟುವಟಿಕೆಗಳು ಇಲ್ಲಿ ನಡೆಯುತ್ತವೆ. ಹಗಲಿನ ವೇಳೆಯ ಈ ಸೇವೆಗೆ ಬಹುತೇಕ ಸಂಸ್ಥೆಗಳು ಪ್ರತ್ಯೇಕ ಶುಲ್ಕ ವಿಧಿಸುವುದಿಲ್ಲ. ಅದು ಪ್ರಯಾಣ ದರದಲ್ಲಿಯೇ ಸೇರಿರುತ್ತದೆ.

ಆದರೆ ಕ್ಲಬ್‌ನ ಬಾಗಿಲು ಎಲ್ಲ ಮಕ್ಕಳಿಗೂ ಒಂದೇ ರೀತಿ ತೆರೆದಿರುವುದಿಲ್ಲ. ಪ್ರತಿಯೊಂದು ಸಂಸ್ಥೆಯೂ ಮಕ್ಕಳನ್ನು ವಯಸ್ಸಿಗೆ ಅನುಗುಣವಾಗಿ ಬೇರೆ ಬೇರೆ ಗುಂಪುಗಳಲ್ಲಿ ಇರಿಸುತ್ತದೆ. ಈ ಗುಂಪುಗಳ ಅಂಚುಗಳು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತವೆ. ಅಕ್ಕನ ಜೊತೆಯಲ್ಲಿ ತಮ್ಮನೂ ಇರುತ್ತಾನೆ ಎಂಬ ಭರವಸೆಯ ಮೇಲೆ ಟಿಕೆಟ್ ಖರೀದಿಸಿದ ಪೋಷಕರಿಗೆ, ಇಬ್ಬರೂ ಬೇರೆ ಬೇರೆ ಕೊಠಡಿಗಳಿಗೆ ಹೋಗಬೇಕೆಂಬ ಸಂಗತಿ ನೌಕೆ ಏರಿದ ಮೇಲೆ ತಿಳಿದರೆ ಮಾಡಬಹುದಾದದ್ದು ಕಡಿಮೆ. ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮೊದಲೇ ಈ ವಿಂಗಡಣೆಯನ್ನು ಅರಿತಿರುವುದು ಒಳಿತು.

ತುಂಬಿದ ವರ್ಷವೇ ಲೆಕ್ಕ

ನಮ್ಮಲ್ಲಿ ಮಗುವಿನ ವಯಸ್ಸನ್ನು "ಐದು ತುಂಬಿ ಆರರಲ್ಲಿದೆ" ಎಂದು ಹೇಳುವುದು ರೂಢಿ. ಹಡಗು ಸಂಸ್ಥೆಗಳು ಪರಿಗಣಿಸುವುದು ತುಂಬಿದ ವರ್ಷವನ್ನು ಮಾತ್ರ. 3ರಿಂದ 5 ವರ್ಷದ ಗುಂಪು ಎಂದರೆ ಮೂರನೆಯ ಹುಟ್ಟುಹಬ್ಬ ಕಳೆದ ಮಗುವಿನಿಂದ ಹಿಡಿದು ಆರನೆಯ ಹುಟ್ಟುಹಬ್ಬ ಇನ್ನೂ ಬಾರದ ಮಗುವಿನವರೆಗೆ ಎಂದು ಅರ್ಥ.

ಒಂದನೇ ತರಗತಿಯ ಪ್ರವೇಶಕ್ಕೆ ಜೂನ್ 1ರಂದು ಮಗುವಿಗೆ ಎಷ್ಟು ವಯಸ್ಸು ಎಂದು ನೋಡುವ ಪದ್ಧತಿ ರಾಜ್ಯದ ಪೋಷಕರಿಗೆ ಪರಿಚಿತ. ನೌಕೆಗಳಲ್ಲಿ ಅಂಥದೇ ಪಾತ್ರ ವಹಿಸುವುದು ಯಾನ ಹೊರಡುವ ದಿನಾಂಕ. ಅಂದು ಪಾಸ್‌ಪೋರ್ಟಿನ ಪ್ರಕಾರ ಮಗುವಿಗೆ ಇರುವ ವಯಸ್ಸನ್ನು ಆಧರಿಸಿಯೇ ಸಾಮಾನ್ಯವಾಗಿ ಗುಂಪು ನಿಗದಿಯಾಗುತ್ತದೆ. ಎರಡು ದಿನ ಕಳೆದರೆ ಆರು ತುಂಬುವ ಮಗು, ಹೊರಡುವ ದಿನ ಐದು ವರ್ಷದ್ದೇ ಆಗಿರುತ್ತದೆ. ಯಾನದ ನಡುವೆ ಹುಟ್ಟುಹಬ್ಬ ಬರುವುದಿದ್ದರೆ ಮೇಲಿನ ಗುಂಪಿಗೆ ಸೇರಿಸುವ ಅವಕಾಶವಿದೆಯೇ ಎಂಬುದನ್ನು ಸಂಸ್ಥೆಯಿಂದಲೇ ಖಚಿತಪಡಿಸಿಕೊಳ್ಳಬೇಕು. ಮಗು ವಯಸ್ಸಿಗೆ ಮೀರಿ ಚುರುಕಾಗಿದೆ ಅಥವಾ ಎತ್ತರವಾಗಿದೆ ಎಂಬ ವಾದಕ್ಕೆ ಇಲ್ಲಿ ಮನ್ನಣೆ ದೊರೆಯುವುದು ಅಪರೂಪ.

ಪ್ರಮುಖ ಸಂಸ್ಥೆಗಳ ವಿಂಗಡಣೆ

ಕಾರ್ನಿವಲ್: ಇದರ ಮಕ್ಕಳ ಕ್ಲಬ್‌ಗೆ 'ಕ್ಯಾಂಪ್ ಓಷನ್' ಎಂದು ಹೆಸರು. 2ರಿಂದ 5 ವರ್ಷದವರು ಪೆಂಗ್ವಿನ್ಸ್, 6ರಿಂದ 8ರವರು ಸ್ಟಿಂಗ್‌ರೇಸ್, 9ರಿಂದ 11ರವರು ಶಾರ್ಕ್ಸ್ ಗುಂಪಿಗೆ ಸೇರುತ್ತಾರೆ. 12ರಿಂದ 14 ವರ್ಷದವರಿಗೆ 'ಸರ್ಕಲ್ ಸಿ', 15ರಿಂದ 17ರವರಿಗೆ 'ಕ್ಲಬ್ ಓ2' ಇವೆ.

ನಾರ್ವೇಜಿಯನ್: 'ಸ್ಪ್ಲಾಶ್ ಅಕಾಡೆಮಿ'ಯಲ್ಲಿ 3ರಿಂದ 5ರವರು ಟರ್ಟಲ್ಸ್, 6ರಿಂದ 9ರವರು ಸೀಲ್ಸ್, 10ರಿಂದ 12ರವರು ಡಾಲ್ಫಿನ್ಸ್. 13ರಿಂದ 17ರವರಿಗೆ ಪ್ರತ್ಯೇಕ ಕ್ಲಬ್ ಇದೆ.

ಎಂಎಸ್‌ಸಿ: ಮೂರು ವರ್ಷದೊಳಗಿನವರಿಗೆ ಬೇಬಿ ಕ್ಲಬ್, 3ರಿಂದ 6ರವರಿಗೆ ಮಿನಿ ಕ್ಲಬ್, 7ರಿಂದ 11ರವರಿಗೆ ಜೂನಿಯರ್ಸ್ ಕ್ಲಬ್, 12ರಿಂದ 14ರವರಿಗೆ ಯಂಗ್ ಕ್ಲಬ್, 15ರಿಂದ 17ರವರಿಗೆ ಟೀನ್ ಕ್ಲಬ್.

ಪ್ರಿನ್ಸೆಸ್: 3ರಿಂದ 7ರವರಿಗೆ 'ಟ್ರೀಹೌಸ್', 8ರಿಂದ 12ರವರಿಗೆ 'ಲಾಡ್ಜ್', 13ರಿಂದ 17ರವರಿಗೆ 'ಬೀಚ್ ಹೌಸ್'.

ಡಿಸ್ನಿ: 'ಓಷನಿಯರ್ ಕ್ಲಬ್'ನಲ್ಲಿ 3ರಿಂದ 10 ವರ್ಷದವರೆಗಿನ ಮಕ್ಕಳಿಗೆ ಒಟ್ಟಿಗೇ ಪ್ರವೇಶ. 11ರಿಂದ 14ರವರಿಗೆ 'ಎಡ್ಜ್', 14ರಿಂದ 17ರವರಿಗೆ 'ವೈಬ್'. ಹದಿನಾಲ್ಕು ವರ್ಷದವರು ಎರಡೂ ಕಡೆ ಬರುವುದು ಇಲ್ಲಿನ ವಿಶೇಷ.

ಈ ಅಂಚುಗಳು ಶಾಶ್ವತವಲ್ಲ. ಡಿಸ್ನಿಯ ಓಷನಿಯರ್ ಕ್ಲಬ್‌ಗೆ ಹಲವು ವರ್ಷಗಳ ಕಾಲ 12 ವರ್ಷದವರೆಗೂ ಪ್ರವೇಶವಿತ್ತು. ನಂತರ ಅದನ್ನು 10ಕ್ಕೆ ಇಳಿಸಲಾಯಿತು. ಹಿಂದೆ ಪ್ರಯಾಣ ಮಾಡಿದ ಪರಿಚಿತರ ಮಾತನ್ನೇ ನೆಚ್ಚಿಕೊಳ್ಳದೆ, ತಾವು ಹೊರಡುವ ನೌಕೆಯ ಈಗಿನ ನಿಯಮವನ್ನು ನೋಡಿಕೊಳ್ಳುವುದು ಅಗತ್ಯ.

ಹನ್ನೆರಡರ ಹುಡುಗ ಎಲ್ಲಿ ಸಲ್ಲುತ್ತಾನೆ?

ಮೇಲಿನ ಅಂಕಿಗಳನ್ನು ಒಂದೇ ಮಗುವಿಗೆ ಅನ್ವಯಿಸಿ ನೋಡಿದಾಗ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಹನ್ನೆರಡು ತುಂಬಿದ ಹುಡುಗನೊಬ್ಬ ನಾರ್ವೇಜಿಯನ್ ನೌಕೆಯಲ್ಲಿ ತನ್ನ ಗುಂಪಿನ ಹಿರಿಯ. ಪ್ರಿನ್ಸೆಸ್ ನೌಕೆಯಲ್ಲಿ ಎಂಟು ವರ್ಷದವರೊಂದಿಗೆ ಒಂದೇ ಸೂರಿನಡಿ ಇರುತ್ತಾನೆ. ಕಾರ್ನಿವಲ್ ಮತ್ತು ಎಂಎಸ್‌ಸಿ ನೌಕೆಗಳಲ್ಲಿ ಹದಿನಾಲ್ಕರವರ ನಡುವೆ ಎಲ್ಲರಿಗಿಂತ ಕಿರಿಯನಾಗುತ್ತಾನೆ. ಡಿಸ್ನಿಯಲ್ಲಿ ಅವನ ಸ್ಥಾನ ಗುಂಪಿನ ನಡುವೆ.

ಈ ವಯಸ್ಸಿನ ಮಕ್ಕಳಲ್ಲಿ ದೇಹ ಮತ್ತು ಮನಸ್ಸು ತ್ವರಿತವಾಗಿ ಬದಲಾಗುವುದರಿಂದ ಎರಡು ವರ್ಷಗಳ ಅಂತರವೂ ದೊಡ್ಡದೇ. ಸಂಕೋಚ ಸ್ವಭಾವದ ಹನ್ನೆರಡರ ಮಗು ಹದಿಹರೆಯದವರ ಕೊಠಡಿಯಲ್ಲಿ ಮೂಲೆ ಸೇರಬಹುದು. ಅದೇ ವಯಸ್ಸಿನ ಇನ್ನೊಂದು ಮಗುವಿಗೆ ಎಂಟರವರೊಂದಿಗೆ ಬಣ್ಣ ಹಚ್ಚುವುದು ಅವಮಾನವೆನಿಸಬಹುದು. ಬಾಲ್ಯಕ್ಕೂ ಹದಿಹರೆಯಕ್ಕೂ ನಡುವಿನ ಈ ಮಕ್ಕಳಿಗಾಗಿ ಪ್ರತ್ಯೇಕ ಗುಂಪು ಇರುವ ನೌಕೆಗಳಿಗೆ ಕುಟುಂಬಗಳು ಆದ್ಯತೆ ನೀಡಲು ಇದೇ ಕಾರಣ.

ಸ್ವಿಟ್ಜರ್‌ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳ ಆಲೋಚನಾ ಶಕ್ತಿಯ ಬೆಳವಣಿಗೆಯಲ್ಲಿ ಸರಿಸುಮಾರು 2, 7 ಮತ್ತು 11ನೇ ವಯಸ್ಸುಗಳನ್ನು ತಿರುವುಗಳೆಂದು ಗುರುತಿಸಿದ್ದರು. ಏಳರ ಆಸುಪಾಸಿನಲ್ಲಿ ಮಗು ತರ್ಕಬದ್ಧವಾಗಿ ಯೋಚಿಸಲು, ನಿಯಮಗಳಿರುವ ಆಟವನ್ನು ಕ್ರಮವಾಗಿ ಆಡಲು ಶಕ್ತವಾಗುತ್ತದೆ. ಹಲವು ನೌಕೆಗಳ ವಿಂಗಡಣೆ ಈ ತಿರುವುಗಳಿಗೆ ಹತ್ತಿರದಲ್ಲೇ ಇದೆ. ಆದರೂ ಎಲ್ಲ ಮಕ್ಕಳೂ ಒಂದೇ ದಿನ ಆ ಹಂತ ದಾಟುವುದಿಲ್ಲವೆಂಬುದು ಪೋಷಕರ ಅನುಭವಕ್ಕೆ ಬಂದ ಸಂಗತಿಯೇ.

ಮೂರು ವರ್ಷದ ಗಡಿ

ಹೆಚ್ಚಿನ ನೌಕೆಗಳಲ್ಲಿ ಉಚಿತ ಕ್ಲಬ್ ಆರಂಭವಾಗುವುದು ಮೂರು ತುಂಬಿದ ಮೇಲೆ. ಅಷ್ಟಕ್ಕೇ ಮುಗಿಯುವುದಿಲ್ಲ, ಡಿಸ್ನಿ, ರಾಯಲ್ ಕೆರಿಬಿಯನ್ ಮೊದಲಾದ ಸಂಸ್ಥೆಗಳಲ್ಲಿ ಮಗು ಡಯಾಪರ್ ಬಿಟ್ಟಿರಬೇಕು, ತಾನಾಗಿಯೇ ಶೌಚಾಲಯ ಬಳಸುವಂತಿರಬೇಕು. ನಾರ್ವೇಜಿಯನ್ ನೌಕೆಗಳಲ್ಲಿ ಡಯಾಪರ್ ತೊಡುವ ಮೂರು ವರ್ಷದವರಿಗೂ ಪ್ರವೇಶವಿದೆ, ಆದರೆ ಬದಲಿಸಲು ಪೋಷಕರೇ ಬರಬೇಕು. ಕಾರ್ನಿವಲ್ ಎರಡು ವರ್ಷದ ಮಕ್ಕಳನ್ನು ಸೇರಿಸಿಕೊಳ್ಳುತ್ತದೆ. ಅಲ್ಲಿ ಡಯಾಪರ್ ಬದಲಿಸುವ ಕೆಲಸವನ್ನು ಸಿಬ್ಬಂದಿಯೇ ಮಾಡುತ್ತಾರೆ.

ಈ ಕಟ್ಟುನಿಟ್ಟಿನ ಹಿಂದೆ ಆರೋಗ್ಯದ ಕಾರಣವಿದೆ. ಮುಚ್ಚಿದ ನೌಕೆಯಲ್ಲಿ ವಾಂತಿ-ಭೇದಿಯ ಸೋಂಕು ಬಹುಬೇಗ ಹರಡುತ್ತದೆ. ವಿದೇಶಿ ಬಂದರುಗಳಿಂದ ಅಮೆರಿಕಕ್ಕೆ ಬರುವ ಪ್ರವಾಸಿ ನೌಕೆಗಳ ನೈರ್ಮಲ್ಯವನ್ನು ಆ ದೇಶದ ರೋಗ ನಿಯಂತ್ರಣ ಕೇಂದ್ರ 1970ರ ದಶಕದಿಂದ ಪರಿಶೀಲಿಸುತ್ತ ಬಂದಿದೆ. ಮಕ್ಕಳ ಕೇಂದ್ರಗಳಲ್ಲಿ ಡಯಾಪರ್ ಬದಲಿಸುವ ಜಾಗ, ಕೈತೊಳೆಯುವ ವ್ಯವಸ್ಥೆ, ಶೌಚಾಲಯ ಹೇಗಿರಬೇಕು ಎಂಬುದಕ್ಕೂ ಅದರ ನಿಯಮಗಳಿವೆ. ಡಯಾಪರ್ ತೊಟ್ಟ ಮಕ್ಕಳಿಗೆ ಸಾಮಾನ್ಯ ಈಜುಕೊಳದಲ್ಲಿ ಪ್ರವೇಶ ನಿರಾಕರಿಸುವುದೂ ಇದೇ ಕಾರಣಕ್ಕೆ.

ಮನೆಯಲ್ಲಿ ಕನ್ನಡ ಮಾತ್ರ ಕೇಳಿ ಬೆಳೆದ ಮಕ್ಕಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಅಗತ್ಯ. ಈ ಸಂಸ್ಥೆಗಳ ಕ್ಲಬ್‌ಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಇಂಗ್ಲಿಷ್. ಶೌಚಕ್ಕೆ ಹೋಗಬೇಕು, ನೀರು ಬೇಕು, ಅಮ್ಮ ಬೇಕು ಎಂಬ ಮೂರು ಮಾತುಗಳನ್ನಾದರೂ ಸಿಬ್ಬಂದಿಗೆ ಅರ್ಥವಾಗುವಂತೆ ಹೇಳಲು ಮಗುವಿಗೆ ಕಲಿಸಿಕೊಡುವುದು ಸೂಕ್ತ. ಮನೆಯಲ್ಲಿ ಡಯಾಪರ್ ಬಿಟ್ಟ ಮಗುವೂ ಭಾಷೆ ತಿಳಿಯದ ಕೊಠಡಿಯಲ್ಲಿ ಹೇಳಲಾರದೆ ಕಷ್ಟಪಡಬಹುದು.

ಮೂರಕ್ಕಿಂತ ಚಿಕ್ಕವರಿಗೆ ಡಿಸ್ನಿ ಮತ್ತು ರಾಯಲ್ ಕೆರಿಬಿಯನ್ ಸಂಸ್ಥೆಗಳ ಅನೇಕ ನೌಕೆಗಳಲ್ಲಿ ಶಿಶುಪಾಲನಾ ಕೇಂದ್ರಗಳಿವೆ. ಆರು ತಿಂಗಳು ತುಂಬಿದ ಶಿಶುಗಳಿಗೆ ಪ್ರವೇಶ. ಶುಲ್ಕ ಗಂಟೆಯ ಲೆಕ್ಕದಲ್ಲಿ. ಸ್ಥಳ ಸೀಮಿತವಾಗಿರುವುದರಿಂದ ಮುಂಗಡ ಕಾಯ್ದಿರಿಸಬೇಕು. ಆರು ತಿಂಗಳಿಗಿಂತ ಚಿಕ್ಕ ಶಿಶುಗಳನ್ನು ಹೆಚ್ಚಿನ ಸಂಸ್ಥೆಗಳು ಯಾನಕ್ಕೇ ಸೇರಿಸಿಕೊಳ್ಳುವುದಿಲ್ಲ. ಸಾಗರ ದಾಟುವ ದೀರ್ಘ ಯಾನಗಳಲ್ಲಿ ಈ ಮಿತಿ ಸಾಮಾನ್ಯವಾಗಿ ಒಂದು ವರ್ಷ.

ಬರುವ, ಹೋಗುವ ಸ್ವಾತಂತ್ರ್ಯ

ವಯೋಗುಂಪು ನಿರ್ಧರಿಸುವುದು ಆಟಪಾಠಗಳನ್ನು ಮಾತ್ರವಲ್ಲ, ಮಗು ಯಾರ ಜೊತೆ ಹೊರಗೆ ಬರಬಹುದು ಎಂಬುದನ್ನೂ ಕೂಡ. ಚಿಕ್ಕ ಮಕ್ಕಳನ್ನು ಕರೆತಂದವರು ಮತ್ತು ಕರೆದೊಯ್ಯುವವರು ಗುರುತು ತೋರಿಸಬೇಕು. ಮೊದಲೇ ಹೆಸರು ನೋಂದಾಯಿಸಿದವರಿಗೆ ಮಾತ್ರ ಮಗುವನ್ನು ಒಪ್ಪಿಸಲಾಗುತ್ತದೆ. ಅಜ್ಜ, ಅಜ್ಜಿ ಅಥವಾ ಚಿಕ್ಕಪ್ಪ ಕರೆದೊಯ್ಯುವುದಿದ್ದರೆ ಅವರ ಹೆಸರನ್ನೂ ಮೊದಲ ದಿನವೇ ಬರೆಸಬೇಕು.

ಎಂಟು ಅಥವಾ ಒಂಬತ್ತು ವರ್ಷ ತುಂಬಿದ ಮಕ್ಕಳು ತಾವಾಗಿಯೇ ಹೊರಬರಲು ಕೆಲವು ಸಂಸ್ಥೆಗಳಲ್ಲಿ ಅವಕಾಶವಿದೆ. ಇದಕ್ಕೆ ಪೋಷಕರ ಒಪ್ಪಿಗೆ ಕಡ್ಡಾಯ. ಹದಿಹರೆಯದವರ ಕ್ಲಬ್‌ಗಳಲ್ಲಿ ಈ ಕಟ್ಟುಪಾಡು ಇಲ್ಲ. ಅವರು ಬೇಕೆಂದಾಗ ಬಂದು ಬೇಕೆಂದಾಗ ಹೋಗಬಹುದು. ಹನ್ನೆರಡರ ಮಗು ಕೆಲವು ನೌಕೆಗಳಲ್ಲಿ ಈ ಗುಂಪಿಗೇ ಸೇರುವುದರಿಂದ, ಮಗು ಕ್ಲಬ್‌ನಲ್ಲಿದೆ ಎಂದು ತಂದೆ-ತಾಯಿ ನಿಶ್ಚಿಂತೆಯಿಂದಿರುವಾಗ ಅದು ಸಾವಿರಾರು ಪ್ರಯಾಣಿಕರ ನಡುವೆ ನೌಕೆಯ ಇನ್ನೊಂದು ತುದಿಯಲ್ಲಿರಬಹುದು. ಎಷ್ಟು ಹೊತ್ತಿಗೆ ಎಲ್ಲಿ ಸೇರಬೇಕು, ಅಪರಿಚಿತರ ಕ್ಯಾಬಿನ್‌ಗೆ ಹೋಗಬಾರದು ಎಂಬ ನಿಯಮಗಳನ್ನು ಕುಟುಂಬವೇ ಮೊದಲ ದಿನ ಹಾಕಿಕೊಳ್ಳಬೇಕಾಗುತ್ತದೆ.

ಹಡಗಿನ ವಿಸ್ತಾರ ಮಕ್ಕಳಿಗೆ ಬೇಗ ಅರ್ಥವಾಗುವಂಥದ್ದಲ್ಲ. ತುರ್ತು ಸಂದರ್ಭದಲ್ಲಿ ಮಗು ಯಾವ ಜಾಗದಲ್ಲಿ ಸೇರಬೇಕು ಎಂಬುದನ್ನು ಸೂಚಿಸುವ ಕೈಪಟ್ಟಿಯನ್ನು ಹಲವು ಸಂಸ್ಥೆಗಳು ಚಿಕ್ಕ ಮಕ್ಕಳಿಗೆ ಕಟ್ಟುತ್ತವೆ. ಸ್ನಾನದ ವೇಳೆಯಲ್ಲೂ ಅದನ್ನು ತೆಗೆಯದಿರುವುದು ಕ್ಷೇಮ.

ಅಣ್ಣ-ತಂಗಿ ಒಂದೇ ಕಡೆ ಇರಬಹುದೇ?

ಐದು ಮತ್ತು ಏಳು ವರ್ಷದ ಇಬ್ಬರು ಮಕ್ಕಳಿದ್ದರೆ ಪ್ರಿನ್ಸೆಸ್ ಮತ್ತು ಡಿಸ್ನಿ ನೌಕೆಗಳಲ್ಲಿ ಒಟ್ಟಿಗಿರಬಹುದು. ಕಾರ್ನಿವಲ್, ನಾರ್ವೇಜಿಯನ್, ಎಂಎಸ್‌ಸಿ ನೌಕೆಗಳಲ್ಲಿ ಬೇರೆಯಾಗುತ್ತಾರೆ. ಎಂಟು ಮತ್ತು ಹನ್ನೊಂದರ ಮಕ್ಕಳು ಪ್ರಿನ್ಸೆಸ್ ಮತ್ತು ಎಂಎಸ್‌ಸಿಗಳಲ್ಲಿ ಒಂದೇ ಗುಂಪಿನವರು; ಉಳಿದ ಮೂರರಲ್ಲಿ ಅಲ್ಲ.

ಒಡಹುಟ್ಟಿದವರು ಜೊತೆಗಿರಲೇಬೇಕೆಂದು ಕೋರಿದಾಗ ಕೆಲವು ಸಂಸ್ಥೆಗಳು ದೊಡ್ಡ ಮಗುವನ್ನು ಕೆಳಗಿನ ಗುಂಪಿಗೆ ಸೇರಿಸಲು ಒಪ್ಪುತ್ತವೆ. ಚಿಕ್ಕ ಮಗುವನ್ನು ಮೇಲಿನ ಗುಂಪಿಗೆ ಏರಿಸಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ತಂಗಿಗಾಗಿ ಕೆಳಗಿನ ಗುಂಪಿನಲ್ಲಿ ಕುಳಿತ ಅಣ್ಣನಿಗೆ ತನ್ನ ವಯಸ್ಸಿನ ಗೆಳೆಯರು ಸಿಗುವುದಿಲ್ಲ. ಆತನ ಇಚ್ಛೆಯನ್ನೂ ಕೇಳಿ ನಿರ್ಧರಿಸುವುದು ನ್ಯಾಯ.

ವಿಶೇಷ ಅಗತ್ಯವುಳ್ಳ ಮಕ್ಕಳು

ಆಟಿಸಂ ಮೊದಲಾದ ಬೆಳವಣಿಗೆಯ ಸಮಸ್ಯೆಗಳುಳ್ಳ ಮಕ್ಕಳಿಗೆ ಹುಟ್ಟಿದ ದಿನಾಂಕದ ವಿಂಗಡಣೆ ಹೊಂದುವುದಿಲ್ಲ. ಒಂಬತ್ತು ವರ್ಷದ ಮಗುವಿಗೆ ಐದು ವರ್ಷದವರ ಚಟುವಟಿಕೆಯೇ ಹಿತವಾಗಬಹುದು. ಇದನ್ನು ಮನಗಂಡ ರಾಯಲ್ ಕೆರಿಬಿಯನ್ ಸಂಸ್ಥೆ, ಇಂಥ ಮಕ್ಕಳನ್ನು ವಯಸ್ಸಿನ ಬದಲು ಸಾಮರ್ಥ್ಯಕ್ಕೆ ಅನುಗುಣವಾಗಿ ಗುಂಪಿಗೆ ಸೇರಿಸುವ ವ್ಯವಸ್ಥೆ ಮಾಡಿದೆ. ಇತರ ಸಂಸ್ಥೆಗಳಲ್ಲೂ ಮೊದಲೇ ಪತ್ರಮುಖೇನ ತಿಳಿಸಿದರೆ ಪರಿಶೀಲನೆ ನಡೆಯುತ್ತದೆ. ಒಂದು ಮಗುವಿಗೇ ಮೀಸಲಾದ ಸಹಾಯಕರನ್ನು ಕ್ಲಬ್‌ಗಳು ಸಾಮಾನ್ಯವಾಗಿ ಒದಗಿಸುವುದಿಲ್ಲ ಎಂಬುದು ನೆನಪಿರಬೇಕು. ವಿಷಯವನ್ನು ಮುಚ್ಚಿಟ್ಟು ಮಗುವನ್ನು ಒಳಬಿಟ್ಟರೆ ಕಷ್ಟ ಮಗುವಿಗೇ.

ಕಾಯ್ದಿರಿಸುವ ಮೊದಲು

ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನದಲ್ಲಿ ತೆರಳಿ ಅಲ್ಲಿಂದ ನೌಕೆ ಏರುವ ಕುಟುಂಬಗಳಿವೆ. 2021ರಲ್ಲಿ ಕಾರ್ಡೆಲಿಯಾ ಸಂಸ್ಥೆ ಮುಂಬೈಯಿಂದ ಯಾನ ಆರಂಭಿಸಿದ ಮೇಲೆ ದೇಶದೊಳಗೂ ಈ ಅವಕಾಶ ದೊರೆಯಿತು. ನೌಕೆ ಯಾವುದೇ ಆಗಲಿ, ಟ್ರಾವೆಲ್ ಏಜೆಂಟರ ಬಳಿ ಕೇಳಬೇಕಾದ ಪ್ರಶ್ನೆಗಳು ಇವು:

- ಹೊರಡುವ ದಿನಾಂಕದಂದು ಪ್ರತಿ ಮಗುವಿಗೆ ತುಂಬಿದ ವಯಸ್ಸು ಎಷ್ಟು, ಯಾವ ಗುಂಪಿಗೆ ಸೇರುತ್ತದೆ?
- ಒಡಹುಟ್ಟಿದವರು ಬೇರೆಯಾಗುವುದಾದರೆ ಒಟ್ಟಿಗೆ ಇರಿಸುವ ಅವಕಾಶವಿದೆಯೇ?
- ಡಯಾಪರ್ ಬಗ್ಗೆ ನಿಯಮವೇನು?
- ಮಗು ತಾನಾಗಿಯೇ ಹೊರಬರಲು ಯಾವ ವಯಸ್ಸಿನಿಂದ ಅವಕಾಶ?
- ರಾತ್ರಿ ಎಷ್ಟು ಗಂಟೆಯ ನಂತರ ಶುಲ್ಕ ಆರಂಭ? ಕಾರ್ನಿವಲ್ ಮತ್ತು ರಾಯಲ್ ಕೆರಿಬಿಯನ್ ನೌಕೆಗಳಲ್ಲಿ ರಾತ್ರಿ 10ರ ನಂತರದ ಪಾಲನೆಗೆ ಗಂಟೆಯ ಲೆಕ್ಕದಲ್ಲಿ ಹಣ ಪಾವತಿಸಬೇಕು.
- ಅಲರ್ಜಿ ಮತ್ತು ಸಸ್ಯಾಹಾರದ ವಿವರವನ್ನು ಎಲ್ಲಿ ದಾಖಲಿಸಬೇಕು?

ಪ್ರಯಾಣದ ದಿನಾಂಕ ಒಂದೆರಡು ವಾರ ಹಿಂದುಮುಂದಾದರೆ ಮಗು ಸೇರುವ ಗುಂಪೇ ಬದಲಾಗುವ ಸಂದರ್ಭಗಳೂ ಉಂಟು. ಹುಟ್ಟುಹಬ್ಬ ಸಮೀಪದಲ್ಲಿರುವ ಮಕ್ಕಳ ಪೋಷಕರು ಕ್ಯಾಬಿನ್ ಆರಿಸುವ ಮೊದಲು ಕ್ಯಾಲೆಂಡರ್ ನೋಡುವುದು ಲೇಸು. ಕ್ಲಬ್‌ಗೆ ಹೋಗಲೇಬೇಕೆಂಬ ಕಡ್ಡಾಯವಂತೂ ಎಲ್ಲಿಯೂ ಇಲ್ಲ. ಒಂದು ಗಂಟೆ ಕಳೆದ ಮೇಲೂ ಅಳು ನಿಲ್ಲಿಸದ ಮಗುವನ್ನು ಕರೆದುಕೊಂಡು ಹೋಗಿ ಡೆಕ್ ಮೇಲೆ ಕಡಲು ತೋರಿಸಲು ತಂದೆ-ತಾಯಿಗೆ ಯಾವ ನಿಯಮವೂ ಅಡ್ಡಿಯಾಗುವುದಿಲ್ಲ.